ಉಬ್ಬಿದ ಮಡ್‌ಗಾರ್ಡಿನ ಒಳಮೈ: 1973ರ ಕರೇರಾ ಆರ್‌ಎಸ್ ಅಸಲಿಯೇ ಎಂದು ನೋಡುವ ಬಗೆ

ಹಳೆಯ ಪೋರ್ಷೆಗಳು ಸೇರುವ ಯಾವ ಮೇಳಕ್ಕೆ ಹೋದರೂ ಒಂದು ಬಗೆಯ ಕಾರು ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಿಳಿ ಮೈ, ಬಾಗಿಲಿನ ಕೆಳಭಾಗದಲ್ಲಿ ಕೆಂಪು ಅಥವಾ ನೀಲಿ ಅಕ್ಷರಗಳಲ್ಲಿ ‘ಕರೇರಾ’ ಎಂಬ ಬರಹ, ಅದೇ ಬಣ್ಣ ಬಳಿದ ಚಕ್ರಗಳು, ಹಿಂಬದಿಯ ಎಂಜಿನ್ ಮುಚ್ಚಳದ ಮೇಲೆ ಬಾತುಕೋಳಿಯ ಬಾಲದಂತೆ ಮೇಲ್ಮುಖವಾಗಿ ಎದ್ದ ಡಕ್‌ಟೇಲ್, ಹಿಂಚಕ್ರಗಳ ಮೇಲೆ ಸ್ವಲ್ಪವೇ ಉಬ್ಬಿದ ಮಡ್‌ಗಾರ್ಡು. 1973ರ 911 ಕರೇರಾ ಆರ್‌ಎಸ್ 2.7ರ ರೂಪ ಅದು. ಕಾರ್ಖಾನೆ ಮಾಡಿದ್ದು ಒಟ್ಟು 1580 ಕಾರು. ಅವುಗಳಲ್ಲಿ ಎಷ್ಟೋ ರೇಸಿನಲ್ಲಿ ಮುರಿದವು, ಎಷ್ಟೋ ತುಕ್ಕು ಹಿಡಿದು ಹೋದವು. ಆದರೂ ಆ ರೂಪದ ಕಾರುಗಳಿಗೆ ಇವತ್ತು ಬರವಿಲ್ಲ. ಕಣ್ಣಿಗೆ ಬೀಳುವುದರಲ್ಲಿ ಬಹುಪಾಲು ಸಾಮಾನ್ಯ 911 ಟಿ, 911 ಇ, ಇಲ್ಲವೇ ಎಂಬತ್ತರ ದಶಕದ ಎಸ್‌ಸಿ ಕಾರುಗಳನ್ನು ಕತ್ತರಿಸಿ, ಬೆಸೆದು ಮಾಡಿದ ಪ್ರತಿರೂಪಗಳು.

ಪ್ರತಿರೂಪ ಮಾಡುವುದರಲ್ಲಿ ತಪ್ಪೇನಿಲ್ಲ. ಚೆನ್ನಾಗಿ ಮಾಡಿದ ಪ್ರತಿರೂಪವನ್ನು ಓಡಿಸುವ ಸುಖ ನಿಜವಾದ ಸುಖವೇ. ಕಾಡುವ ಪ್ರಶ್ನೆ ಬೇರೆ. ಉಬ್ಬು ಕಾರ್ಖಾನೆಯದೋ ಗ್ಯಾರೇಜಿನದೋ ಎಂದು ತೀರ್ಮಾನಿಸುವವರು ಹೆಚ್ಚಾಗಿ ನೋಡುವುದು ಉಬ್ಬಿನ ಹೊರಮೈಯನ್ನು. ಅಂಚು ನಯವಾಗಿದೆಯೇ, ಎಡಬಲ ಒಂದೇ ಸಮ ಇದೆಯೇ, ಫೋಟೋದಲ್ಲಿರುವಂತಿದೆಯೇ ಎಂದು. ಹೊರಮೈ ಒಳ್ಳೆಯ ಟಿಂಕರನ ಕೈಯಲ್ಲಿ ಹೇಗೆ ಬೇಕಾದರೂ ಆಗುತ್ತದೆ. ಉತ್ತರ ಇರುವುದು ಆ ತಗಡು ಯಾವ ವರ್ಷದ್ದು, ಯಾವ ಕಾರಿಗೆಂದು ಒತ್ತಿದ್ದು, ಅದರ ಹಿಂದಿನ ಚೌಕಟ್ಟು ಯಾವ ವರ್ಷದ್ದು ಎಂಬಲ್ಲಿ. ಹಾಗಾಗಿ ಈ ಪರೀಕ್ಷೆಯಲ್ಲಿ ಮುಕ್ಕಾಲು ಭಾಗ ಒಳಮೈಯಲ್ಲೇ ನಡೆಯಬೇಕು.

ಕಾರ್ಖಾನೆ ಬದಲಿಸಿದ್ದು ಏನು

ಆರ್‌ಎಸ್ ಹುಟ್ಟಿದ್ದು ರೇಸಿನ ನಿಯಮಕ್ಕಾಗಿ. ಗ್ರೂಪ್ 4 ಎಂಬ ರೇಸಿನ ವರ್ಗದಲ್ಲಿ ಓಡಬೇಕಾದರೆ ರಸ್ತೆಗೆ ಯೋಗ್ಯವಾದ 500 ಕಾರು ಮಾಡಿ ಮಾರಬೇಕಿತ್ತು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಕಾರು ಹೊರಬಂತು, ನವೆಂಬರ್ ಮುಗಿಯುವಷ್ಟರಲ್ಲಿ ಐನೂರೂ ಮಾರಾಟವಾದವು. ಬೇಡಿಕೆ ನಿಲ್ಲಲಿಲ್ಲ, 1973ರ ಜುಲೈ ಹೊತ್ತಿಗೆ ಸಂಖ್ಯೆ 1580 ಮುಟ್ಟಿತು. ಅದರಲ್ಲಿ 17 ಕಾರು ಆರ್‌ಎಸ್‌ಎಚ್ ಎಂಬ ಬರಿಯ ಮೂಲರೂಪದವು, 200 ಕಾರು ಎಂ 471 ಎಂಬ ಸ್ಪೋರ್ಟ್, 1308 ಕಾರು ಎಂ 472 ಎಂಬ ಟೂರಿಂಗ್, 55 ಕಾರು ಎಂ 491 ಎಂಬ ರೇಸಿನ ಆರ್‌ಎಸ್‌ಆರ್.

ಬಾಡಿಯಲ್ಲಿ ಆದ ಬದಲಾವಣೆ ಎಣಿಸಿದರೆ ಕೆಲವೇ. ಬಾಗಿಲಿನ ಹಿಂದೆ ಹಿಂಚಕ್ರವನ್ನು ಆವರಿಸುವ ಪಕ್ಕದ ತಗಡುಗಳನ್ನು, ಅಂದರೆ ಹಿಂದಿನ ಕ್ವಾರ್ಟರ್ ಪ್ಯಾನಲ್‌ಗಳನ್ನು ಅಗಲಿಸಿದರು. ಸಾಮಾನ್ಯ 911ರ ಅಗಲ 1610 ಮಿಲಿಮೀಟರ್, ಆರ್‌ಎಸ್‌ನದು 1652. ಈ 42 ಮಿ.ಮೀ. ಎಂಬ ಅಂಕಿಯನ್ನು ಒಂದೊಂದು ಕಡೆಗೂ ಅಷ್ಟು ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಅದು ಎರಡೂ ಕಡೆ ಸೇರಿದ ಲೆಕ್ಕ. ಒಂದು ಬದಿಗೆ ಸಿಗುವುದು 21 ಮಿ.ಮೀ. ಮಾತ್ರ. ಅಂದರೆ ಹೆಬ್ಬೆರಳಿನ ಅಗಲದಷ್ಟು. ಆರ್‌ಎಸ್ ಉಬ್ಬು ಕಣ್ಣಿಗೆ ಹೊಡೆಯುವಂಥದ್ದಲ್ಲ. ಯಾವುದಾದರೂ ಕಾರಿನ ಹಿಂಭಾಗ ದೂರದಿಂದಲೇ ದಪ್ಪಗೆ ಕಂಡರೆ ಅದು ಆರ್‌ಎಸ್‌ಆರ್ ಅನುಕರಣೆ ಇರಬಹುದು ಅಥವಾ 1775 ಮಿ.ಮೀ. ಅಗಲದ 911 ಟರ್ಬೊದಿಂದ ತಂದದ್ದಿರಬಹುದು, ಆರ್‌ಎಸ್ 2.7 ಅಲ್ಲ. ಮುಂದಿನ ಮಡ್‌ಗಾರ್ಡುಗಳನ್ನು ಕಾರ್ಖಾನೆ ಅಗಲಿಸಲೇ ಇಲ್ಲ. ಆ ವರ್ಷದ 911 ಎಸ್‌ಗೆ ಇದ್ದ ಕಿರಿದಾದ ಆರ್ಚ್‌ಗಳೇ (ಚಕ್ರದ ಮೇಲಿನ ಕಮಾನುಗಳೇ) ಅಲ್ಲಿಯೂ ಇವೆ.

ಉಳಿದಂತೆ, ಹಿಂದಿನ ಮುಚ್ಚಳದ ಡಕ್‌ಟೇಲ್ ಫೈಬರ್‌ಗ್ಲಾಸಿನದು. ಇದಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು 1972ರ ಆಗಸ್ಟ್ 5ರಂದು, ಹೆರ್ಮಾನ್ ಬುರ್ಸ್ಟ್, ಟಿಲ್ಮಾನ್ ಬ್ರೋಡ್‌ಬೆಕ್, ರೋಲ್ಫ್ ವೀನರ್ ಎಂಬ ಎಂಜಿನಿಯರುಗಳ ಹೆಸರಿನಲ್ಲಿ. ಮುಂದಿನ ಬಂಪರ್ ಮತ್ತು ಗಾಳಿತಡೆ ಕೂಡ ಫೈಬರ್. ತೂಕ ಇಳಿಸಲು ಹಲವು ಫಲಕಗಳಿಗೆ ತೆಳು ತಗಡು ಬಳಸಿದರು, ಸ್ಪೋರ್ಟ್ ಕಾರಿಗೆ ಗ್ಲೇವರ್‌ಬೆಲ್ ಕಂಪನಿಯ ತೆಳು ಗಾಜು ಹಾಕಿದರು, ಮುಂದಿನ ಲೋಹದ ಲಾಂಛನದ ಬದಲು ಸ್ಟಿಕ್ಕರ್ ಅಂಟಿಸಿದರು. ಸ್ಪೋರ್ಟ್ ತೂಗುತ್ತಿದ್ದುದು 960 ಕಿಲೋ, ಟೂರಿಂಗ್ 1075.

ತೂಕದ ವಿಷಯ ಬಂದಾಗ ಒಂದು ಸಂಗತಿ ನೆನಪಿಡಬೇಕು, ಯಾಕೆಂದರೆ ಪರೀಕ್ಷೆ ಮಾಡುವವರನ್ನು ಅದು ಗೊಂದಲಕ್ಕೆ ಕೆಡವುತ್ತದೆ. ಹೋಮೊಲೊಗೇಶನ್‌ಗೆ, ಅಂದರೆ ರೇಸಿಗೆ ಅರ್ಹವೆಂಬ ಅಧಿಕೃತ ಮಾನ್ಯತೆಗೆ, ಕಾರು ಎಷ್ಟು ಹಗುರವೋ ಅಷ್ಟು ಒಳ್ಳೆಯದು. ಆದ್ದರಿಂದ ಕಾರುಗಳನ್ನು ಮೊದಲು ಆರ್‌ಎಸ್‌ಎಚ್ ರೂಪದಲ್ಲಿ, ಹೆಚ್ಚಿನದೇನೂ ಇಲ್ಲದೆ ಬರಿದಾಗಿ ಜೋಡಿಸಿ, ವೇಬ್ರಿಡ್ಜಿಗೆ ಒಯ್ದು ತೂಗಿಸಿ, ಕಾಗದ ಮಾಡಿಸಿ, ಮತ್ತೆ ಜುಫೆನ್‌ಹೌಸನ್‌ನ ಕಾರ್ಖಾನೆಗೆ ತಂದರು. ಆಮೇಲೆ ಗಿರಾಕಿ ಕೇಳಿದಂತೆ ಸೀಟು, ಕಾರ್ಪೆಟ್ಟು, ಬಂಪರಿನ ರಬ್ಬರು ಪಟ್ಟಿ ಇತ್ಯಾದಿ ಜೋಡಿಸಿದರು. ಸಿದ್ಧವಾದ ಕಾರು ವಾಪಸು ಕಾರ್ಖಾನೆಯೊಳಗೆ ಹೋಗಿ ಭಾಗಗಳನ್ನು ತೊಟ್ಟುಕೊಂಡು ಬಂದದ್ದು ಇಲ್ಲಿ ಕಾರ್ಖಾನೆಯ ಕ್ರಮವೇ ಆಗಿತ್ತು. ಹಾಗಾಗಿ ಟೂರಿಂಗ್ ಕಾರಿನಲ್ಲಿ ಒಂದು ಪಟ್ಟಿಯ ತೂತು ಬಣ್ಣ ಆದಮೇಲೆ ಕೊರೆದಂತೆ ಕಂಡರೆ ಅಷ್ಟಕ್ಕೇ ಕಾರನ್ನು ನಕಲಿ ಎನ್ನಬಾರದು. ತೊಡಿಸಿದ ಭಾಗಗಳು ದುರ್ಬಲ ಸಾಕ್ಷಿ. ಬೆಸೆದ ಭಾಗಗಳು ಗಟ್ಟಿ ಸಾಕ್ಷಿ.

ಮೊದಲು ಸಂಖ್ಯೆ, ಆಮೇಲೆ ತಗಡು

ಗೇಜು, ಕ್ಯಾಮೆರಾ ಹೊರತೆಗೆಯುವ ಮೊದಲು ಚಾಸಿ ಸಂಖ್ಯೆ ಓದಬೇಕು. ಆರ್‌ಎಸ್‌ನದು 911 360ರಿಂದ ಶುರುವಾಗುತ್ತದೆ. 911 ಮಾದರಿ, 3 ಎಂದರೆ 1973ರ ಮಾಡೆಲ್ ವರ್ಷ, 6 ಎಂದರೆ ಆರ್‌ಎಸ್, 0 ಎಂದರೆ ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು), ಅದರ ಮುಂದೆ ನಾಲ್ಕು ಅಂಕಿಯ ಸರಣಿ ಸಂಖ್ಯೆ. ಅದೇ ವರ್ಷದ 911 ಟಿ ಕೂಪೆ 911 310, ಇ ಆದರೆ 911 320, ಎಸ್ ಆದರೆ 911 330. ಐದನೆಯ ಆ ಒಂದು ಅಂಕಿಯ ಮೇಲೆ ಕೋಟಿಗಟ್ಟಲೆ ಹಣ ನಿಂತಿರುವುದರಿಂದ, ಆ ಅಂಕಿಯ ಸುತ್ತಲಿನ ತಗಡನ್ನೇ ಮೊದಲು ನೋಡುವುದು ಒಳ್ಳೆಯದು. ಸಂಖ್ಯೆ ಇರುವುದು ಮುಂದಿನ ಡಿಕ್ಕಿಯಲ್ಲಿ, ಪೆಟ್ರೋಲ್ ಟ್ಯಾಂಕಿನ ಹಿಂದೆ, ಕಾರ್ಪೆಟ್ಟಿನ ಅಡಿಯಲ್ಲಿ. ಅಂಕಿಗಳ ಆಚೀಚೆ ಒಂದು ಗೇಣಿನಷ್ಟು ಜಾಗದಲ್ಲಿ ಉಜ್ಜಿದ ಗುರುತು, ಚೌಕಾಕಾರದ ವೆಲ್ಡಿಂಗ್ ಗೆರೆ, ಸುತ್ತಲಿಗಿಂತ ದಪ್ಪ ಬಣ್ಣ ಇದೆಯೇ ನೋಡಬೇಕು. ಸಾಧ್ಯವಾದರೆ ಅದೇ ತಗಡಿನ ಅಡಿಮೈಯನ್ನೂ ಕನ್ನಡಿ ಹಿಡಿದು ನೋಡಬೇಕು. ಮೇಲೆ ಉಜ್ಜಿ ಸಮ ಮಾಡಿದವರು ಅಡಿಯಲ್ಲಿ ವೆಲ್ಡಿಂಗಿನ ಏಣು ಬಿಟ್ಟಿರುತ್ತಾರೆ. ಅಲ್ಯೂಮಿನಿಯಂ ಗುರುತುಪಟ್ಟಿ ರಿವೆಟ್ಟಿನ ವಸ್ತು, ಮಾರುಕಟ್ಟೆಯಲ್ಲಿ ಹೊಸದು ಸಿಗುತ್ತದೆ. ಅದನ್ನು ಒಂದು ಸಾಕ್ಷಿ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಎಂಜಿನ್ 911/83 ಮಾದರಿಯದೇ, ಗೇರ್‌ಬಾಕ್ಸ್ 915/08ರದೇ ಎಂದೂ ನೋಡಬೇಕು. ಆದರೆ ಅದೇ 911/83 ಎಂಜಿನನ್ನು ಪೋರ್ಷೆ 1974 ಮತ್ತು 75ರ ಕರೇರಾ 2.7ರಲ್ಲಿಯೂ ಹಾಕಿದೆ, ಹೀಗಾಗಿ ಮಾದರಿ ಸರಿ ಇದ್ದ ಮಾತ್ರಕ್ಕೆ ವರ್ಷ ಸರಿ ಆಗುವುದಿಲ್ಲ. ಬಾಗಿಲ ಒಳಹಲಗೆಯ ಹಿಂದೆ, ಅಲಂಕಾರದ ಫಲಕಗಳ ಹಿಂಬದಿಯಲ್ಲಿ ಕೆಲಸಗಾರರು ಉತ್ಪಾದನಾ ಸಂಖ್ಯೆಯ ಕೊನೆಯ ಅಂಕಿಗಳನ್ನು ಪೆನ್ಸಿಲ್ಲಿನಲ್ಲಿ ಗೀಚಿರುವುದುಂಟು. ಇವು ಪಟ್ಟಿಗಿಂತ ನಂಬಲರ್ಹ. ಯಾಕೆಂದರೆ ನಕಲಿ ಮಾಡುವವರು ಯಾರಿಗೂ ಕಾಣದ ಜಾಗಕ್ಕೆ ಖರ್ಚು ಮಾಡುವುದು ಕಡಿಮೆ.

ಎಣ್ಣೆ ಮುಚ್ಚಳದ ಸಾಕ್ಷಿ

ಈ ಇಡೀ ವಿಷಯದಲ್ಲಿ ನನಗೆ ತೀರಾ ಇಷ್ಟವಾದ ಪರೀಕ್ಷೆ ಇದು. 1972ರ ಮಾಡೆಲ್ ವರ್ಷಕ್ಕೆ ಮಾತ್ರ ಪೋರ್ಷೆ 911ರ ಎಂಜಿನ್ ಎಣ್ಣೆಯ ಟ್ಯಾಂಕನ್ನು ಬಲಗಡೆಯ ಹಿಂಚಕ್ರದ ಹಿಂದಿನಿಂದ ಚಕ್ರದ ಮುಂದಕ್ಕೆ ತಂದಿತು. ತೂಕ ಎರಡು ಅಚ್ಚುಗಳ ನಡುವೆ ಬರಲಿ ಎಂಬುದು ಉದ್ದೇಶ. ಎಣ್ಣೆ ಹಾಕಲು ಬಲಗಡೆಯ ಕ್ವಾರ್ಟರ್ ಪ್ಯಾನಲ್‌ನಲ್ಲಿ, ಬಾಗಿಲಿನ ಹಿಂದೆಯೇ, ಪೆಟ್ರೋಲ್ ಮುಚ್ಚಳದಂತೆ ಕಾಣುವ ಸಣ್ಣ ಮುಚ್ಚಳ ಇಟ್ಟರು. ಬಂಕಿನಲ್ಲಿ ಅದಕ್ಕೇ ಪೆಟ್ರೋಲ್ ಸುರಿದ ಪ್ರಸಂಗಗಳು ನಡೆದವು. ಮರುವರ್ಷ ಟ್ಯಾಂಕು ಮತ್ತೆ ಚಕ್ರದ ಹಿಂದಕ್ಕೆ ಹೋಯಿತು, ಮುಚ್ಚಳ ಮಾಯವಾಯಿತು.

ಆರ್‌ಎಸ್ 1973ರ ಬಾಡಿ. ಅದಕ್ಕೆ ಆ ಮುಚ್ಚಳ ಇರುವಂತಿಲ್ಲ, ಇದ್ದ ಗುರುತೂ ಇರುವಂತಿಲ್ಲ. 1972ರ ಕಾರನ್ನು ಆರ್‌ಎಸ್ ಮಾಡಲು ಹೊರಟವರು ಆ ತೂತನ್ನು ತಗಡಿಟ್ಟು ಮುಚ್ಚಬೇಕು. ಹೊರಗೆ ಪುಟ್ಟಿ ಹಾಕಿ ಉಜ್ಜಿ ಬಣ್ಣ ಹೊಡೆದರೆ ಕಣ್ಣಿಗೆ ಕಾಣದು. ಒಳಗೆ ಮಾತ್ರ ಅಡಗಿಸುವುದು ಕಷ್ಟ. ಹಿಂದಿನ ಸೀಟಿನ ಬಲಗಡೆಯ ಪಕ್ಕದ ಹೊದಿಕೆಯನ್ನು ಬಿಚ್ಚಿ, ಎಂಡೋಸ್ಕೋಪ್ ಕ್ಯಾಮೆರಾ ಒಳಗೆ ಬಿಟ್ಟು ನೋಡಿದರೆ ಮುಚ್ಚಿದ ತೂತಿನ ಸುತ್ತ ವೆಲ್ಡಿಂಗಿನ ಉಂಗುರವೋ, ಶಾಖಕ್ಕೆ ನೀಲಿಯಾದ ತಗಡೋ, ಮೂಲ ಪ್ರೈಮರ್ ಸುಟ್ಟುಹೋದ ವೃತ್ತವೋ ಸಿಗುತ್ತದೆ. ಅದೂ ಸಿಗದಿದ್ದರೆ, ಅಂದರೆ ಇಡೀ ಪ್ಯಾನಲನ್ನೇ ಬದಲಿಸಿದ್ದರೆ, ಬಲ ಹಿಂಚಕ್ರ ಕಳಚಿ ಆರ್ಚಿನ ಒಳಗೋಡೆ ನೋಡಬೇಕು. ಚಕ್ರದ ಮುಂದೆ ಟ್ಯಾಂಕು ಕೂರಿಸಲು ಮಾಡಿದ್ದ ಏರ್ಪಾಡು ಆ ಗೋಡೆಯ ಆಕಾರದಲ್ಲೇ ಇರುತ್ತದೆ. ಹೊರಚರ್ಮ ಬದಲಿಸುವವರು ಒಳಗೋಡೆಗೆ ಕೈ ಹಾಕುವುದು ಅಪರೂಪ. ಎಣ್ಣೆ ಟ್ಯಾಂಕು ಚಕ್ರದ ಹಿಂದೆ ಮೂಲ ಬ್ರ್ಯಾಕೆಟ್ಟುಗಳ ಮೇಲೆ ಕೂತಿದೆಯೋ, ಆಮೇಲೆ ಬೆಸೆದ ಪಟ್ಟಿಗಳ ಮೇಲೋ ಎಂಬುದನ್ನೂ ಅದೇ ಹೊತ್ತಿಗೆ ನೋಡಿಬಿಡಬಹುದು.

ಒಂದೇ ವರ್ಷ ಬದುಕಿದ ಒಂದು ಸಣ್ಣ ಮುಚ್ಚಳ ಇಷ್ಟು ವರ್ಷಗಳ ಮೇಲೂ ಹೀಗೆ ಸಾಕ್ಷಿ ಹೇಳುತ್ತದೆ. ಹಳೆಯ ಕಾರು ಕೊಳ್ಳುವವರು ಆ ಮಾದರಿಯ ವರ್ಷವಾರು ಬದಲಾವಣೆಗಳನ್ನು ಕಂಠಪಾಠ ಮಾಡಿಕೊಳ್ಳಬೇಕು ಎಂದು ತಿಳಿದವರು ಹೇಳುವುದು ಇದಕ್ಕೇ.

ಎಸ್‌ಸಿಯಿಂದ ಎರವಲು ತಂದ ಉಬ್ಬು

ಹೆಚ್ಚು ಕಷ್ಟದ ಪ್ರಕರಣ ಇದು. 1978ರಿಂದ ಬಂದ 911 ಎಸ್‌ಸಿ ಕಾರಿನ ಅಗಲವೂ 1652 ಮಿ.ಮೀ. 1974ರ ನಂತರದ ಕರೇರಾ 2.7ನದೂ ಅಷ್ಟೇ. ಆರ್‌ಎಸ್‌ಗೆಂದು ಹುಟ್ಟಿದ ಅಗಲ ಮುಂದೆ ಕಾರ್ಖಾನೆಯ ಸಾಮಾನ್ಯ ಅಳತೆಯೇ ಆಯಿತು. ಆದ್ದರಿಂದ ಹಳೆಯ ಕಿರಿಮೈಯ 911ಕ್ಕೆ ಎಸ್‌ಸಿಯ ಕ್ವಾರ್ಟರ್ ಪ್ಯಾನಲ್ ಬೆಸೆದರೆ ಉಬ್ಬೂ ಪೋರ್ಷೆಯದೇ, ಅಳತೆಯೂ ಸರಿ. ಅಳತೆಪಟ್ಟಿಯಿಂದ ಇದನ್ನು ಹಿಡಿಯಲಾಗದು. ಹಿಡಿಯಲು ಎರಡು ದಾರಿಗಳಿವೆ.

ಒಂದು, ಪ್ಯಾನಲಿನ ಹಿಂತುದಿ. 1974ರಿಂದ ಅಮೆರಿಕದ ನಿಯಮಗಳಿಗಾಗಿ ದೊಡ್ಡ ಬಂಪರುಗಳು, ಅವುಗಳ ಪಕ್ಕ ಮಡಿಕೆಯ ರಬ್ಬರುಗಳು ಬಂದವು. ಅದಕ್ಕೆ ತಕ್ಕಂತೆ ಚಕ್ರದ ಹಿಂದೆ, ದೀಪದ ಕೆಳಗೆ ಪ್ಯಾನಲ್ ಮುಗಿಯುವ ಆಕಾರ ಬದಲಾಯಿತು. ಹಳೆಯ ಬಂಪರ್ ಕೂರಬೇಕಾದರೆ ಅಲ್ಲಿ ತಗಡು ಸೇರಿಸಲೇಬೇಕು. ಹಿಂದಿನ ದೀಪ ಬಿಚ್ಚಿದರೆ ಆ ಜಾಗದ ಒಳಮೈ ಕಾಣುತ್ತದೆ. ದೀಪದ ತೂತಿನ ಕೆಳಗೆ ಅಡ್ಡಲಾಗಿ ಒಂದು ಜೋಡಣೆ ಇದ್ದರೆ, ಅದೂ ಎಡಬಲ ಎರಡೂ ಕಡೆ ಒಂದೇ ಎತ್ತರದಲ್ಲಿ ಇದ್ದರೆ, ಅದು ಅಪಘಾತದ ರಿಪೇರಿ ಅಲ್ಲ. ಅಪಘಾತ ಎರಡೂ ಕಡೆ ಅಳೆದು ಗುದ್ದುವುದಿಲ್ಲ.

ಇನ್ನೊಂದು, ಸತುವು. ಪೋರ್ಷೆ 1976ರ ಮಾಡೆಲ್ ವರ್ಷದಿಂದ ಇಡೀ ಬಾಡಿಗೆ ಎರಡೂ ಬದಿ ಸತುವು ಲೇಪಿಸಿದ ತಗಡು ಬಳಸತೊಡಗಿತು. 1973ರ ಕ್ವಾರ್ಟರ್ ಪ್ಯಾನಲ್ ಬರಿಯ ಉಕ್ಕು. ಪರೀಕ್ಷೆಗೆ ಆರ್ಚಿನ ಅಂಚಿನ ಒಳಮಡಿಕೆಯಲ್ಲಿ, ಹೊರಗೆ ಕಾಣದ ಕಡೆ, ಉಗುರಿನಷ್ಟು ಜಾಗದ ಬಣ್ಣವನ್ನು ರಾಸಾಯನಿಕದಿಂದ ತೆಗೆಯಬೇಕು. ಮರಳು ಕಾಗದ ಹಾಕಿ ಉಜ್ಜಿದರೆ ಬಣ್ಣದ ಜೊತೆ ಸತುವೂ ಹೋಗಿಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಬಯಲಾದ ಲೋಹದ ಮೇಲೆ ಮೈಲುತುತ್ತದ ನೀರನ್ನು ಒಂದು ಹನಿ ಬಿಟ್ಟರೆ, ಬರಿಯ ಉಕ್ಕಾದರೆ ಕೆಲವೇ ಕ್ಷಣಗಳಲ್ಲಿ ತಾಮ್ರದ ಕೆಂಪು ಹತ್ತುತ್ತದೆ, ಸತುವಾದರೆ ಕಪ್ಪಾಗುತ್ತದೆ. ಕೂಡಲೇ ಒರೆಸಿ, ನೀರಿನಿಂದ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿಬಿಡಬೇಕು. ಹಾಗೆಯೇ ಬಿಟ್ಟರೆ ಆ ತಾಮ್ರವೇ ತುಕ್ಕಿಗೆ ನೆಲೆಯಾಗುತ್ತದೆ. ಮಾಲೀಕರ ಒಪ್ಪಿಗೆ ಇಲ್ಲದೆ ಇದನ್ನು ಮಾಡಬಾರದು ಎಂದು ಬೇರೆ ಹೇಳಬೇಕಿಲ್ಲ.

ಈ ಪರೀಕ್ಷೆಗೆ ಮಿತಿಯಿದೆ. 1974 ಮತ್ತು 75ರ ಕರೇರಾದ ಪ್ಯಾನಲ್‌ಗೆ ಅಗಲವೂ ಇದೆ, ಇಡೀ ಬಾಡಿಯ ಸತುವಿನ ಕಾಲವೂ ಇನ್ನೂ ಬಂದಿರಲಿಲ್ಲ. ಅಲ್ಲಿಂದ ತಂದ ತಗಡನ್ನು ಮೈಲುತುತ್ತದ ಹನಿ ಹಿಡಿಯದು. ಹಿಂತುದಿಯ ಜೋಡಣೆ ಮಾತ್ರ ಹಿಡಿಯುತ್ತದೆ. ಇನ್ನೊಂದು ಮುಖ್ಯ ಮಾತು: ಸತುವು ಸಿಕ್ಕರೆ ‘ಈ ಪ್ಯಾನಲ್ 1973ರದ್ದಲ್ಲ’ ಎಂದಷ್ಟೇ ಅರ್ಥ. ‘ಈ ಕಾರು ಆರ್‌ಎಸ್ ಅಲ್ಲ’ ಎಂದಲ್ಲ. ಅಸಲಿ ಆರ್‌ಎಸ್ 1985ರಲ್ಲಿ ಹಿಂದಿನಿಂದ ಗುದ್ದಿಸಿಕೊಂಡು, ಆಗ ಸಿಕ್ಕ ಹೊಸ ಪೋರ್ಷೆ ಪ್ಯಾನಲನ್ನು ಹಾಕಿಸಿಕೊಂಡಿರಬಹುದು. ಕಾರು ಯಾವುದು ಎಂಬ ಪ್ರಶ್ನೆಯನ್ನೂ ಪ್ಯಾನಲ್ ಯಾವುದು ಎಂಬ ಪ್ರಶ್ನೆಯನ್ನೂ ಬೇರೆಬೇರೆ ಇಡದಿದ್ದರೆ ಒಳ್ಳೆಯ ಕಾರುಗಳಿಗೆ ಕೆಟ್ಟ ಹೆಸರು ಬರುತ್ತದೆ. ಅಂಥ ಅನ್ಯಾಯ ನಕಲಿಯನ್ನು ಅಸಲಿ ಎನ್ನುವಷ್ಟೇ ಕೆಟ್ಟದ್ದು.

ಕತ್ತರಿಸಿ ಬೆಸೆದ ಉಬ್ಬು

ಎಲ್ಲರಿಗೂ ಪೂರ್ತಿ ಪ್ಯಾನಲ್ ಸಿಗುವುದಿಲ್ಲ. ಹೆಚ್ಚಿನವರು ಮಾಡುವುದು ಹೀಗೆ: ಮೂಲ ಆರ್ಚಿನ ಅಂಚಿನಿಂದ ನಾಲ್ಕೈದು ಬೆರಳು ಮೇಲೆ ತಗಡನ್ನು ಕಮಾನಿನಾಕಾರದಲ್ಲಿ ಕತ್ತರಿಸಿ, ಉಬ್ಬಿದ ತುಂಡನ್ನು ಅಲ್ಲಿ ಬೆಸೆಯುತ್ತಾರೆ. ಅಂಚಿಗೆ ಅಂಚು ಕೂಡಿಸಿ ಬೆಸೆದರೆ ಕೆಲಸ ಚೆನ್ನ, ಆದರೆ ಶಾಖಕ್ಕೆ ತಗಡು ಸೊಟ್ಟಗಾಗದಂತೆ ತಾಳ್ಮೆಯಿಂದ ಚುಕ್ಕೆ ಚುಕ್ಕೆಯಾಗಿ ಬೆಸೆಯಬೇಕು. ಅವಸರದವರು ಒಂದು ಅಂಚನ್ನು ಮೆಟ್ಟಿಲಿನಂತೆ ಒತ್ತಿ, ಇನ್ನೊಂದನ್ನು ಅದರ ಮೇಲೆ ಕೂರಿಸುತ್ತಾರೆ. ಎರಡು ಪದರಗಳ ನಡುವೆ ಚಕ್ರ ಎರಚಿದ ನೀರು ಕೂತು ತುಕ್ಕು ಶುರುವಾಗುತ್ತದೆ. ಕೆಲವು ಮಳೆಗಾಲ ಕಳೆದರೆ ಬಣ್ಣದ ಮೇಲೆ ಆರ್ಚಿಗೆ ಸಮಾನಾಂತರವಾಗಿ, ಅಂಚಿನಿಂದ ಒಂದೇ ದೂರದಲ್ಲಿ ಗುಳ್ಳೆಗಳ ಸಾಲು ಏಳುತ್ತದೆ. ಮೂಲ ಪ್ಯಾನಲ್ ತುಕ್ಕು ಹಿಡಿಯುವ ರೀತಿ ಇದಲ್ಲ. ಅದು ಹಿಡಿಯುವುದು ಅಂಚಿನ ಮಡಿಕೆಯಲ್ಲಿ, ಮತ್ತು ಆರ್ಚಿನ ಮುಂದಿನ ಕೆಳಮೂಲೆಯಲ್ಲಿ, ಬಾಗಿಲಿನ ಕಂಬವೂ ಕೆಳಗಿನ ತೊಲೆಯೂ ಕೂಡುವ ಕಡೆ. ಆ ಮೂಲೆಯಲ್ಲಿ ತೇಪೆ ಇರದ ಹಳೆಯ 911 ಸಿಗುವುದೇ ಕಷ್ಟ, ಹಾಗಾಗಿ ಅಲ್ಲಿನ ತೇಪೆಗೆ ಗಾಬರಿ ಬೇಡ. ಗುಳ್ಳೆ ಎಲ್ಲಿ ಎದ್ದಿದೆ ಎಂಬುದೇ ಇಲ್ಲಿ ಸುದ್ದಿ.

ಬಣ್ಣದ ದಪ್ಪ ಅಳೆಯುವ ಗೇಜನ್ನು ಇಂಥ ಕಡೆ ಸಾಲಾಗಿ ಬಳಸಬೇಕು. ಅಲ್ಲೊಂದು ಇಲ್ಲೊಂದು ಇಟ್ಟು ನೋಡಿದರೆ ಏನೂ ತಿಳಿಯದು. ಆರ್ಚಿನ ಅಂಚಿನಿಂದ ಮೇಲಕ್ಕೆ 5 ಸೆಂಟಿಮೀಟರಿಗೆ ಒಂದರಂತೆ, ಕಿಟಕಿಯ ಕೆಳಗಿನವರೆಗೆ, ಅಂಥ ಐದಾರು ಸಾಲು. ಎಡಕ್ಕೂ ಬಲಕ್ಕೂ ಅದೇ ಜಾಗಗಳಲ್ಲಿ. ಗೇಜನ್ನು ಮೊದಲು ಬರಿಯ ಉಕ್ಕಿನ ತುಂಡಿನ ಮೇಲಿಟ್ಟು ಸೊನ್ನೆಗೆ ತರಬೇಕು. ಮೂಲ ಬಣ್ಣವಾದರೆ 100ರಿಂದ 150 ಮೈಕ್ರಾನ್ ಆಸುಪಾಸು, ಮರು ಬಣ್ಣವಾದರೆ 200, 300. ಐನೂರು ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಯೇ ಎಡವುವುದು. ಆ ಕಾಲದ ಕಾರ್ಖಾನೆ ಹೊರಚರ್ಮದ ಜೋಡಣೆಗಳನ್ನು ಸೀಸ ತವರದ ಬೆಸುಗೆ ತುಂಬಿ ಸಮ ಮಾಡುತ್ತಿತ್ತು. ಸೀಸ ಅಯಸ್ಕಾಂತಕ್ಕೆ ಅಂಟದ್ದರಿಂದ ಗೇಜು ಅದನ್ನೂ ಬಣ್ಣವೆಂದೇ ಎಣಿಸಿ ಒಂದು, ಎರಡು ಮಿಲಿಮೀಟರ್ ತೋರಿಸುತ್ತದೆ. ಅಂದರೆ ಜೋಡಣೆ ಇರಬೇಕಾದ ಜಾಗದಲ್ಲಿ ದೊಡ್ಡ ಅಂಕಿ ಬಂದರೆ ಅದು ಅಸಲಿತನದ ಲಕ್ಷಣವೂ ಆಗಬಹುದು. ತಟ್ಟಿದರೆ ಪುಟ್ಟಿ ಮಂದವಾಗಿ ‘ದಬ್’ ಎನ್ನುತ್ತದೆ, ಸೀಸ ಗಟ್ಟಿ ಲೋಹದ ಸದ್ದು ಕೊಡುತ್ತದೆ. ಕಾಣದ ಅಂಚಿನಲ್ಲಿ ಚೂಪು ಮೊನೆಯಿಂದ ಕೆರೆದರೆ ಪುಟ್ಟಿ ಪುಡಿಯಾಗುತ್ತದೆ, ಸೀಸ ಬೆಳ್ಳಗೆ ಹೊಳೆಯುತ್ತದೆ. ಕೆರೆದ ಸೀಸದ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ತೆಳು ತಗಡಿನ ಮಾತಿಗೂ ಇಲ್ಲೇ ಒಂದು ಎಚ್ಚರಿಕೆ. ಬಣ್ಣದ ಗೇಜು ತಗಡಿನ ದಪ್ಪ ಹೇಳುವುದಿಲ್ಲ. ಅದಕ್ಕೆ ಅಲ್ಟ್ರಾಸಾನಿಕ್ ಗೇಜು ಬೇಕು. ಸಾಮಾನ್ಯ ಪ್ರೋಬುಗಳು 1 ಮಿ.ಮೀ.ಗಿಂತ ತೆಳ್ಳಗಿನ ತಗಡಿನ ಮೇಲೆ ತಪ್ಪು ಅಂಕಿ ಕೊಡುತ್ತವೆ, ಹೆಚ್ಚಿನ ಆವರ್ತನದ ಪ್ರೋಬೇ ಆಗಬೇಕು. ಛಾವಣಿಯ ಮೇಲೆ ಅಳೆಯುವುದು ಹೆಚ್ಚು ಉಪಯೋಗ, ಯಾಕೆಂದರೆ ಬಾಗಿಲು, ಮಡ್‌ಗಾರ್ಡು ಬದಲಾಗುತ್ತವೆ, ಛಾವಣಿ ಬದಲಾಗುವುದು ಕಡಿಮೆ.

ಆರ್ಚಿನ ಒಳಗೆ ಹೊಸದಾಗಿ, ದಪ್ಪಗೆ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಅಲ್ಲಿಗೆ ಪರೀಕ್ಷೆ ನಿಲ್ಲಿಸಿ ಮಾಲೀಕರೊಂದಿಗೆ ಮಾತಾಡಬೇಕು. ತುಕ್ಕು ತಡೆಯಲು ಬಳಿದದ್ದೂ ಇರಬಹುದು. ಆದರೆ ಜೋಡಣೆಗಳೆಲ್ಲ ಅದರಡಿ ಮುಚ್ಚಿಹೋಗಿರುವುದರಿಂದ, ಒಂದು ಅಂಗೈಯಗಲ ಜಾಗದಲ್ಲಾದರೂ ಬಿಸಿಗಾಳಿಯಲ್ಲಿ ಮೆದುಮಾಡಿ ಎಬ್ಬಿಸಲು ಒಪ್ಪದವರ ಕಾರಿಗೆ ‘ಅಸಲಿ’ ಎಂದು ಬರೆದುಕೊಡಬಾರದು. ಎಬ್ಬಿಸಿದ ಕಡೆ ನೋಡಬೇಕಾದದ್ದು ಸ್ಪಾಟ್ ವೆಲ್ಡುಗಳನ್ನು, ಅಂದರೆ ಚುಕ್ಕೆ ಬೆಸುಗೆಗಳನ್ನು. ಕಾರ್ಖಾನೆಯ ಸ್ಪಾಟ್ ವೆಲ್ಡ್ ಐದಾರು ಮಿಲಿಮೀಟರ್ ಅಗಲದ, ಚಪ್ಪಟೆ ತಳದ ಸಣ್ಣ ಕುಳಿ. ಅಂತರ ಪೂರ್ತಿ ಸಮ ಇರುವುದಿಲ್ಲ, ಆಗ ಅದು ಕೈಯಲ್ಲಿ ಹಿಡಿದು ಮಾಡುವ ಕೆಲಸ. ತೂತು ಕೊರೆದು ಮಿಗ್ (ತಂತಿ ಕರಗಿಸಿ ತುಂಬುವ) ವೆಲ್ಡಿಂಗಿನಿಂದ ತುಂಬಿದ್ದಾದರೆ ಕುಳಿಯ ಬದಲು ಗುಬುಟು ಇರುತ್ತದೆ, ಇಲ್ಲವೇ ಅದನ್ನು ಗ್ರೈಂಡ್ ಮಾಡಿದ ಗೀರುಗಳಿರುತ್ತವೆ. ಈಗ ಸ್ಪಾಟ್ ವೆಲ್ಡರ್ ಇಟ್ಟುಕೊಂಡೇ ಕೆಲಸ ಮಾಡುವ ಒಳ್ಳೆಯ ಗ್ಯಾರೇಜುಗಳಿವೆ, ಅಲ್ಲಿ ಕುಳಿಯೂ ಸರಿಯಾಗೇ ಬರುತ್ತದೆ. ಅಂಥಲ್ಲಿ ವೆಲ್ಡಿನ ಆಕಾರಕ್ಕಿಂತ ಸುತ್ತಲಿನ ಪದರಗಳು ಹೆಚ್ಚು ಹೇಳುತ್ತವೆ: ವೆಲ್ಡಿನ ಮೇಲೆ ಕಾರ್ಖಾನೆಯ ಪ್ರೈಮರ್, ಅದರ ಮೇಲೆ ಮೂಲ ಬಣ್ಣದ ಸಿಡಿತ ಇದೆಯೇ, ಅಥವಾ ವೆಲ್ಡಿನ ಮೇಲೆ ನೇರವಾಗಿ ಇವತ್ತಿನ ಎಪಾಕ್ಸಿ ಇದೆಯೇ ಎಂಬುದು.

ಫೈಬರ್ ಉಬ್ಬುಗಳನ್ನು ಅಂಟಿಸಿದ ಕಾರುಗಳೂ ಇವೆ. ಅವಕ್ಕೆ ಒಂದು ಫ್ರಿಜ್ ಅಯಸ್ಕಾಂತ ಸಾಕು.

ಚಕ್ರ ಹೇಳುವ ಮಾತು

ಉಬ್ಬು ಬಂದದ್ದೇ ಚಕ್ರಕ್ಕಾಗಿ, ಆದ್ದರಿಂದ ಚಕ್ರವನ್ನು ತಿರುಗಿಸಿ ಹಿಂಬದಿ ಓದದೆ ಹೋಗಬಾರದು. ಆರ್‌ಎಸ್‌ಗೆ ಮುಂದೆ 6 ಇಂಚು ಅಗಲದ, ಹಿಂದೆ 7 ಇಂಚು ಅಗಲದ ಫುಕ್ಸ್ ಕಂಪನಿಯ ಚಕ್ರಗಳು, ಎರಡೂ 15 ಇಂಚು ವ್ಯಾಸದವು. ಟೈರು ಮುಂದೆ 185/70, ಹಿಂದೆ 215/60. ಆಫ್‌ಸೆಟ್ ಎಂದರೆ ಚಕ್ರದ ಅಗಲದ ನಡುಗೆರೆಯಿಂದ ಅದನ್ನು ಬೋಲ್ಟಿಗೆ ಕೂರಿಸುವ ಮೈ ಹೊರಕ್ಕೆ ಇರುವ ದೂರ. ಆರು ಇಂಚಿನದರ ಆಫ್‌ಸೆಟ್ 36 ಮಿ.ಮೀ., ಏಳು ಇಂಚಿನದರದು 23.3. ಲೆಕ್ಕ ಹಾಕಿದರೆ ಏಳಿಂಚಿನ ಚಕ್ರದ ಹೊರ ಅಂಚು ಆರಿಂಚಿನದಕ್ಕಿಂತ ಸುಮಾರು 25 ಮಿ.ಮೀ. ಹೊರಗೆ ಬರುತ್ತದೆ. ಬದಿಗೆ 21 ಮಿ.ಮೀ. ಉಬ್ಬಿಸಿದ್ದು ಯಾಕೆಂದು ಈಗ ಅರ್ಥವಾಗುತ್ತದೆ.

ಇದೇ ಕಂಪನಿಯ 7ಆರ್ ಎಂಬ ಇನ್ನೊಂದು ಏಳಿಂಚಿನ ಚಕ್ರವಿದೆ, ಆಫ್‌ಸೆಟ್ 49. ಅದರ ಹೊರ ಅಂಚು ಆರಿಂಚಿನ ಚಕ್ರದ ಸಾಲಿನಲ್ಲೇ ನಿಲ್ಲುತ್ತದೆ, ಹೆಚ್ಚಿನ ಅಗಲವೆಲ್ಲ ಒಳಕ್ಕೆ. ಅದನ್ನು ಮಾಡಿದ್ದೇ ಕಿರಿಮೈಯ ಕಾರಿನಲ್ಲಿ ಅಗಲ ಟೈರು ಕೂರಿಸಲು. ‘ಕಾರ್ಖಾನೆಯಿಂದ ಬಂದಹಾಗೇ ಇದೆ’ ಎನ್ನುವ ಆರ್‌ಎಸ್‌ನ ಹಿಂದೆ 7ಆರ್ ಇದ್ದರೆ ಉಬ್ಬಿನೊಳಗೆ ಎರಡು ಬೆರಳು ಜಾಗ ಖಾಲಿ ಕಾಣುತ್ತದೆ. ಆ ಉಬ್ಬು ಯಾಕಿದೆ ಎಂದು ಕೇಳಲೇಬೇಕಾದ ಪರಿಸ್ಥಿತಿ ಅದು. ಫುಕ್ಸ್ ಚಕ್ರಗಳ ಹಿಂಬದಿಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಒತ್ತಿರುತ್ತದೆ. ಚಕ್ರ ಬದಲಾಗುವ ವಸ್ತುವಾದ್ದರಿಂದ ಸಾಕ್ಷಿಯಾಗಿ ದುರ್ಬಲ, ಆದರೆ ನಾಲ್ಕೂ ಚಕ್ರ ಮತ್ತು ಸ್ಟೆಪ್ನಿ ಕಾರಿನ ತಿಂಗಳಿಗಿಂತ ಸ್ವಲ್ಪ ಹಿಂದಿನ ದಿನಾಂಕದವಾಗಿದ್ದರೆ ಉಳಿದ ಸಾಕ್ಷಿಗಳಿಗೆ ಬಲ ಬರುತ್ತದೆ.

ವರದಿಯಲ್ಲಿ ಏನು ಬರೆಯಬೇಕು

ಇಷ್ಟೆಲ್ಲ ನೋಡಿದ ಮೇಲೆ ಕೊಳ್ಳುವವರು ಕೇಳುವುದು ಒಂದೇ ಪದದ ಉತ್ತರ. ಆ ಒಂದು ಪದ ಕೊಡುವುದನ್ನು ನಾನು ಒಪ್ಪುವುದಿಲ್ಲ. ಚಾಸಿ ಸಂಖ್ಯೆ ಮತ್ತು ಅದರ ಸುತ್ತಲಿನ ತಗಡು ಒಂದು ಸಾಲು. ಒಳಗೋಡೆ, ನೆಲ, ಛಾವಣಿ ಒಂದು ಸಾಲು. ಎಡ ಕ್ವಾರ್ಟರ್, ಬಲ ಕ್ವಾರ್ಟರ್ ಬೇರೆಬೇರೆ ಸಾಲು, ಯಾಕೆಂದರೆ ಒಂದು ಮೂಲದ್ದಾಗಿ ಇನ್ನೊಂದು ಬದಲಾದದ್ದಾಗಿರುವುದು ತೀರಾ ಸಾಮಾನ್ಯ. ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನವು, ಅವಕ್ಕೆ ಕೊನೆಯ ಸಾಲು. ಪ್ರತಿ ಸಾಲಿನ ಮುಂದೆ ಕಂಡದ್ದು, ಅಳೆದದ್ದು, ನೋಡಲಾಗದೆ ಬಿಟ್ಟದ್ದು. ಅಂಡರ್‌ಕೋಟ್ ಎಬ್ಬಿಸಲು ಬಿಡಲಿಲ್ಲವೆಂದರೆ ಅದನ್ನೂ ಬರೆಯಬೇಕು. ಗೇಜಿನ ಅಂಕಿಗಳನ್ನು ಕಾರಿನ ಪಕ್ಕನೋಟದ ಚಿತ್ರದ ಮೇಲೆಯೇ ಗುರುತಿಸಿ ಕೊಟ್ಟರೆ ಮುಂದಿನವರಿಗೆ ಹೋಲಿಸಲು ಸಿಗುತ್ತದೆ.

ಅಸಲಿ ಆರ್‌ಎಸ್‌ನ ಕ್ವಾರ್ಟರ್ ತುಕ್ಕು ಹಿಡಿದು ಬದಲಿಸಲೇಬೇಕಾಗಿ ಬಂದವರಿಗೆ ಒಂದು ಮಾತು. ಮೊದಲನೆಯದಾಗಿ, ಪೂರ್ತಿ ಬದಲಿಸಬೇಡಿ. ಕೊಳೆತದ್ದು ಕೆಳಮೂಲೆಯಾದರೆ ಅಷ್ಟನ್ನೇ ಕತ್ತರಿಸಿ, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಿರಿ, ಉಬ್ಬಿನ ಮೇಲ್ಭಾಗ ಹಾಗೇ ಉಳಿಯಲಿ. ಕತ್ತರಿಸುವ ಮೊದಲು ಒಳಗಿನಿಂದಲೂ ಹೊರಗಿನಿಂದಲೂ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಡಿ. ತೆಗೆದ ತುಂಡನ್ನು ಗುಜರಿಗೆ ಹಾಕಬೇಡಿ. ಒರೆಸಿ, ಎಣ್ಣೆ ಸವರಿ, ಚಾಸಿ ಸಂಖ್ಯೆ, ಎಡವೋ ಬಲವೋ, ತೆಗೆದ ತಾರೀಕು ಬರೆದ ಚೀಟಿ ಕಟ್ಟಿ ಕಾರಿನ ಕಾಗದಗಳ ಜೊತೆ ಇಡಿ. ಮುಂದೊಂದು ದಿನ ಕಾರು ಕೈ ಬದಲಾಯಿಸುವಾಗ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಆ ಪ್ಯಾನಲಿನದೇ ಆಗಿರುತ್ತದೆ, ಆಗ ಆ ತುಂಡನ್ನು ಮೇಜಿನ ಮೇಲಿಟ್ಟು ತೋರಿಸಬಹುದು.